ಮೂಕಿ ಚಿತ್ರದ ಬಾಯಿಬಡುಕರು

“ಥೂ, ಬಾಯಿ ಮುಚ್ಚೋ!” ಎಂದು ಅವಳು ತೆರೆಯ ಮೇಲಿದ್ದ ನಾಯಕನಿಗೆ ಬೈದಳು.

ಬೈಸಿಕೊಂಡವನು ಸತ್ತು ಅರ್ಧ ಶತಮಾನದ ಮೇಲಾಗಿತ್ತು. ಸಾಲದ್ದಕ್ಕೆ ಅದು ಮೂಕಿ ಚಿತ್ರ. ಹಿಂದಿನ ಕುರ್ಚಿಯಲ್ಲಿದ್ದ ಚಿತ್ರ ಭಂಡಾರದ ಅಧಿಕಾರಿ ತನ್ನ ಪೊದೆ ಮೀಸೆಯೊಳಗೇ ಹಲ್ಲು ಕಡಿದ. ನಾಲ್ಕು ದಿನದಿಂದ ಇದೇ ಗೋಳು.

ಅವಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ನಲವತ್ತರ ಹೆಂಗಸು. ಮುದ್ರಣ ಯಂತ್ರದ ಮಗ್ಗುಲಲ್ಲೇ ಅವಳ ಮೇಜು. ಅಲ್ಲಿ ಕೂತ ಉಳಿದವರೆಲ್ಲ ಒಂದೇ ವಾರಕ್ಕೆ ಓಡಿಹೋಗಿದ್ದರು. ಇವಳು ಮಾತ್ರ ಹದಿನೆಂಟು ವರ್ಷದಿಂದ ಜಪ್ಪಯ್ಯ ಎಂದರೂ ಕದಲಿರಲಿಲ್ಲ. ಹಳೆಯ ಸಿನಿಮಾಗಳ ಮೇಲೆ ಅವಳಿಗೆ ಎಳ್ಳಷ್ಟೂ ಪ್ರೀತಿಯಿಲ್ಲ. ಬಂದದ್ದು ಅಜ್ಜಿಗೋಸ್ಕರ.

ಅಜ್ಜಿಗೆ ತೊಂಬತ್ತೈದು. ಅಜ್ಜಿಯ ತಾಯಿ ಮೂಕಿ ಚಿತ್ರಗಳ ನಾಯಕಿ. ಕೊನೆಯ ಚಿತ್ರದ ಕೊನೆಯ ದೃಶ್ಯದಲ್ಲಿ, ತಿರುಗುತ್ತಿದ್ದ ಕ್ಯಾಮೆರಾದ ಮುಂದೆಯೇ, ಕೆರೆಯಲ್ಲಿ ಮುಳುಗಿ ಸತ್ತಳು. ನಾಯಕನೂ ನಿರ್ದೇಶಕನೂ ಒಬ್ಬನೇ. ‘ನನ್ನ ಮೇಲಿನ ಹುಚ್ಚು ಪ್ರೀತಿಗೆ ಬೇಕೆಂದೇ ಮುಳುಗಿದಳು’ ಎಂದು ಅವನು ಪತ್ರಿಕೆಯವರ ಮುಂದೆ ಕಣ್ಣೊರೆಸಿಕೊಂಡ. ಊರು ನಂಬಿತು. ಮನೆಯಲ್ಲಿದ್ದ ಕೂಸು ‘ಮಿಂಡನಿಗಾಗಿ ನೀರಿಗೆ ಬಿದ್ದವಳ ಮಗಳು’ ಆಯಿತು. ಆ ಮಾತನ್ನು ಹೊತ್ತುಕೊಂಡೇ ಅಜ್ಜಿ ಬೆಳೆದಳು, ಮದುವೆಯಾದಳು, ಮುದುಕಿಯಾದಳು.

“ಮೊಲೆ ಕುಡಿಯೋ ಮಗೂನ ಬಿಟ್ಟು ಹೋಗೋಕೆ ಅವಳಿಗೆ ಮನಸ್ಸಾದ್ರೂ ಹೇಗೆ ಬಂತೇ? ಅದೊಂದು ತಿಳ್ಕೊಂಡು ಬಾ. ಆಮೇಲೆ ನೆಮ್ಮದಿಯಾಗಿ ಕಣ್ಮುಚ್ತೀನಿ,” ಎಂದಿದ್ದಳು ಅಜ್ಜಿ, ಮೊಮ್ಮಗಳ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡು.

ಭಂಡಾರಕ್ಕೂ ಅವಳಿಂದ ಕೆಲಸವಿತ್ತು. ನಾಯಕನ ಹೆಸರಿನ ಹೊಸ ಸಭಾಂಗಣ ನಾಳೆ ತೆರೆಯುವುದಿತ್ತು. ಬಾಗಿಲಲ್ಲಿ ತೂಗುಹಾಕಲು ನಾಯಕಿಯ ದೊಡ್ಡ ಫೋಟೊ, ಅದರಡಿ ‘ಪ್ರೇಮಕ್ಕಾಗಿ ಪ್ರಾಣ ಕೊಟ್ಟವಳು’ ಎಂಬ ಸಾಲು. ಮನೆಯವರ ಸಹಿ ಬೀಳದೆ ಅದನ್ನು ಹಾಕುವಂತಿಲ್ಲ. ಅವರಿಬ್ಬರ ಚಿತ್ರಗಳನ್ನೆಲ್ಲ ಮೊದಲಿಂದ ನೋಡಿಯೇ ಸಹಿ ಎಂದು ಇವಳು ಹಟ ಹಿಡಿದಿದ್ದಳು.

ನೋಡಿದಳು, ನೋಡಿದ್ದಕ್ಕೆಲ್ಲ ಉಗಿದಳು. ಸಾಯುವ ಮುದುಕನ ಕೊನೆಯ ಮಾತಿಗೆ ಕಿಸಕ್ಕನೆ ನಕ್ಕಳು. ನಾಯಕ ಮಂಡಿಯೂರಿ, ಎದೆಗೆ ಕೈಯಿಟ್ಟು, ತುಟಿ ನಡುಗಿಸುವ ದೃಶ್ಯ ಬಂತು. ನಾಯಕಿ ನಾಚಿದಂತೆ ಮುಖ ಹೊರಳಿಸಿದಳು. ‘ದೇವೀ, ನೀನಿಲ್ಲದೆ ನನಗೆ ಉಸಿರಿಲ್ಲ’ ಎಂದು ತೆರೆಯ ಮೇಲೆ ಬರಹ ಮೂಡಿತು. ಎಂಥವರೂ ಕರವಸ್ತ್ರ ತೆಗೆಯುವ ಜಾಗ ಅದು. ಇವಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು: ‘ಹೊಲಸು ಬಾಯಿ.’ ಅಧಿಕಾರಿ ಕತ್ತು ಚಾಚಿ ಇಣುಕಿದ. ಮೇಲಿನ ಸಾಲುಗಳೂ ಅದೇ ಜಾತಿಯವು. ‘ಒಂದೇ ಸಮನೆ ಹರಟೆ.’ ‘ಸುಳ್ಳ.’ ‘ತಲೆ ಚಿಟ್ಟು ಹಿಡಿಯಿತು.’

“ಅಲ್ಲಮ್ಮಾ, ಮೌನವೇ ಅಲ್ವಾ ಈ ಚಿತ್ರಗಳ ಸೊಗಸು?” ಎಂದ ಅವನು, ಕತ್ತಲಲ್ಲಿ.

ಉತ್ತರವಿಲ್ಲ. ದೀಪ ಹಾಕಿ, ಎದುರಿಗೆ ಬಂದು, ಅದನ್ನೇ ಮತ್ತೊಮ್ಮೆ ಹೇಳಿದ.

“ಮೌನಾನಾ? ಸಂತೆ ಕಣ್ರೀ ಇದು, ಸಂತೆ! ಮೊದಲು ನಿಮ್ಮ ಆ ಮೀಸೆ ಕತ್ತರಿಸ್ಕೊಳ್ಳಿ. ಅರ್ಧ ಮಾತು ಅದರೊಳಗೇ ಸಿಕ್ಕಿಹಾಕ್ಕೊಳ್ಳುತ್ತೆ.”

ಇಂಥ ಗಯ್ಯಾಳಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಿಂತು ನಮಸ್ಕಾರ ಅಂದರೆ ತಿರುಗಿಯೂ ನೋಡದ ಸೊಕ್ಕು ಬೇರೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಕೊನೆಯ ಚಿತ್ರವನ್ನು ಹಚ್ಚಿದ.

ಮುಳುಗುವ ದೃಶ್ಯಕ್ಕೆಂದು ಅವನೇ ಆರಿಸಿಟ್ಟ ಪಿಟೀಲಿನ ಧ್ವನಿಮುದ್ರಿಕೆ ಇತ್ತು. ಅದನ್ನೂ ಹಾಕಿದ. ಕಲ್ಲೂ ಕರಗುವ ರಾಗ. ಅವಳ ಮಟ್ಟಿಗೆ ಅದು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ತೆರೆಯ ಮೇಲೆ ಕೆರೆ. ನಾಯಕಿಯ ಕೊರಳವರೆಗೆ ನೀರು. ಕೈ ಬೀಸುತ್ತಿದ್ದಾಳೆ, ತುಟಿ ಆಡುತ್ತಿದೆ. ಬರಹ ಮೂಡಿತು: ‘ಸ್ವಾಮೀ, ಈ ಪ್ರಾಣ ನಿಮಗೆ ಕಾಣಿಕೆ.’ ದಡದಲ್ಲಿ ನಾಯಕ ಎದೆ ಬಡಿದುಕೊಳ್ಳುತ್ತ, ಪಕ್ಕಕ್ಕೆ ತಿರುಗಿ ಏನೋ ಕೂಗಿದ. ಬರಹ: ‘ಅಯ್ಯೋ, ಪ್ರಿಯೇ!’ ನೀರು ಮುಚ್ಚಿಕೊಂಡಿತು.

“ಇನ್ನೊಂದು ಸಲ ಹಾಕಿ,” ಎಂದಳು.

ಹಾಕಿದ. ಮತ್ತೊಂದು ಸಲ ಎಂದಳು. ಮೂರನೆಯ ಸಲ ಮುಂದಕ್ಕೆ ಬಾಗಿ ಕೂತಳು. ನಾಲ್ಕನೆಯ ಸಲಕ್ಕೆ ಅಳು ಒತ್ತರಿಸಿ ಬಂತು; ಗಟ್ಟಿಯಾಗಿ, ನಾಚಿಕೆಯಿಲ್ಲದೆ ಅತ್ತಳು. ಅಂತೂ ಪಿಟೀಲು ಕೆಲಸ ಮಾಡಿತು ಎಂದು ಅಧಿಕಾರಿ ಒಳಗೊಳಗೇ ಹಿಗ್ಗಿದ. ದೀಪ ಹಾಕಿ, ಫಲಕದ ಕರಡನ್ನು ಸಹಿಗೆಂದು ಅವಳ ಮುಂದಿಟ್ಟ.

ಅವಳು ಕೆಂಪು ಪೆನ್ನು ತೆಗೆದಳು. ‘ಪ್ರೇಮಕ್ಕಾಗಿ ಪ್ರಾಣ ಕೊಟ್ಟವಳು’ ಎಂಬ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಹೊಡೆದುಹಾಕಿದಳು. ಅಂಚಿನಲ್ಲಿ, ಅಚ್ಚುಕೂಟದಲ್ಲಿ ದಿನಾ ಬರೆಯುವಷ್ಟೇ ದುಂಡಗೆ, ತಿದ್ದುಪಡಿ ಬರೆದಳು:

‘ಅವಳು: ಕಾಲಿಗೆ ಬಳ್ಳಿ ಸುತ್ಕೊಂಡಿದೆ, ಹಗ್ಗ ಎಸೀರಿ, ಮನೇಲಿ ನನ್ನ ಮಗು ಹಾಲಿಗೆ ಕಾಯ್ತಿದೆ. ಅವನು: ಯಾರೂ ನೀರಿಗೆ ಇಳೀಬೇಡಿ, ಕ್ಯಾಮೆರಾ ನಿಲ್ಲಿಸ್ಬೇಡ, ಚೆನ್ನಾಗಿ ಬರ್ತಿದೆ.’

ಅಧಿಕಾರಿಯ ಮುಖ ಬಿಳಿಚಿಕೊಂಡಿತು. “ಏನ್ರೀ ಇದೆಲ್ಲ? ಮೂಕಿ ಚಿತ್ರ ಕಣ್ರೀ ಇದು! ನಿಮಗೊಬ್ಬರಿಗೇ ಹೇಗೆ ಕೇಳಿಸ್ತು?”

“ಕೇಳಿಸ್ಲಿಲ್ಲ,” ಎಂದಳು ಅವಳು, ಮೀಸೆಯ ಅಡಿಯಲ್ಲಿ ಆಡುತ್ತಿದ್ದ ಅವನ ತುಟಿಗಳ ಮೇಲೆ ಕಣ್ಣು ನೆಟ್ಟು. “ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಿವಿ ಹೋದವು, ನೀವು ಈಗ ಅಂದಿದ್ದೂ ನನಗೆ ಕೇಳಿಸಿಲ್ಲ.”