ಹನ್ನೆರಡು ತಟ್ಟೆಗಳು

ಇನ್‌ಕ್ಯುಬೇಟರಿನ ಬಾಗಿಲಿಗೆ ಅಡ್ಡಲಾಗಿ ಶುಕ್ರವಾರ ಸಂಶೋಧನಾ ವಿದ್ಯಾರ್ಥಿನಿ ಗುಟ್ಟಾಗಿ ಅಂಟಿಸಿದ್ದ ಅವಳದೇ ತಲೆಗೂದಲು ಸೋಮವಾರವೂ ಹಾಗೆಯೇ ಇತ್ತು. ಅಂದರೆ ನಡುವೆ ಯಾರೂ ಬಾಗಿಲು ತೆರೆದಿಲ್ಲ. ಆದರೂ ಒಳಗಿನ ಹನ್ನೆರಡು ತಟ್ಟೆಗಳಲ್ಲಿದ್ದ ಜೀವಕೋಶಗಳೆಲ್ಲ ಈ ಸಲವೂ ಸತ್ತಿದ್ದವು. ತೀರಿಕೊಂಡ ರೋಗಿಯೊಬ್ಬನ ಗಡ್ಡೆಯಿಂದ ತೆಗೆದ ಕೋಶಗಳವು, ಮತ್ತೆಲ್ಲೂ ಸಿಗುವಂಥವಲ್ಲ. ಇನ್ನು ಉಳಿದಿರುವುದು ಹೆಪ್ಪುಗಟ್ಟಿಸಿಟ್ಟ ಒಂದೇ ಒಂದು ಕೊಳವೆ. ಅದೂ ಹೋದರೆ ನಾಲ್ಕು ವರ್ಷದ ಪಿಎಚ್.ಡಿ. ನೀರಿನಲ್ಲಿ ಹೋಮ.

ಕೂದಲು ಏನೇ ಸಾಕ್ಷಿ ಹೇಳಲಿ, ಅವಳ ಅನುಮಾನ ಪಕ್ಕದ ಮೇಜು ಬಿಟ್ಟು ಕದಲಲಿಲ್ಲ. ಹಾಗಾದರೆ ಶುಕ್ರವಾರವೇ ಏನೋ ಬೆರೆಸಿರಬೇಕು! ಆ ಮೇಜಿನಲ್ಲಿ ಕೂರುವವಳು ಪ್ರಯೋಗಾಲಯದ ಹಿರಿಯಳು, ಅರ್ಧ ತಲೆ ನರೆತವಳು, ಎಲ್ಲರಿಗೂ ಅಕ್ಕ. ಎರಡು ತಿಂಗಳ ಹಿಂದೆ ಗೈಡು ಇಬ್ಬರಿಗೂ ಒಂದೇ ಪ್ರಶ್ನೆ ಕೊಟ್ಟಿದ್ದರು. ಯಾರ ಲೇಖನ ಮೊದಲು ಅಚ್ಚಾಗುತ್ತದೋ ಹೆಸರು ಅವರಿಗೆ. ಅಂದಿನಿಂದ ಅಕ್ಕ ನಕ್ಕರೂ ತಪ್ಪು, ಕೆಮ್ಮಿದರೂ ತಪ್ಪು.

"ಅಕ್ಕಾ, ನೇರವಾಗಿ ಕೇಳ್ತೀನಿ. ನನ್ನ ತಟ್ಟೆಗೆ ಏನು ಹಾಕಿದ್ರಿ?"

ಅಕ್ಕ ರೇಗಲಿಲ್ಲ. ರೇಗದೇ ಇದ್ದದ್ದೂ ಅವಳಿಗೆ ಅನುಮಾನವೇ. ಅಕ್ಕ ಒಂದು ತಟ್ಟೆಯನ್ನು ತೆಗೆದುಕೊಂಡು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದಳು.

"ಆಸಿಡ್ಡೋ ಗೀಸಿಡ್ಡೋ ಸುರಿದಿದ್ರೆ ಉಬ್ಬಿ ಒಡೆದು ರಂಪ ಆಗಿರ್ತಿತ್ತು. ಇವು ನೋಡು, ಅಚ್ಚುಕಟ್ಟಾಗಿ ಮುದುಡಿಕೊಂಡು ಚೂರುಚೂರಾಗಿವೆ. ಯಾರೂ ಕೊಂದಿಲ್ಲ ಕಣೇ, ತಾವೇ ಸತ್ತಿವೆ."

"ಸುಮ್ಸುಮ್ನೆ ಯಾಕೆ ಸಾಯ್ತವೆ?"

"ಸಾಯೋಕೆ ಬೇಕಾದ್ದೆಲ್ಲ ಕೋಶದೊಳಗೆ ಮೊದಲಿಂದಲೂ ಸಿದ್ಧ ಇರುತ್ತೆ. ಅಕ್ಕಪಕ್ಕದವು 'ಇರು, ಇರು' ಅಂತ ಸುದ್ದಿ ಕಳಿಸ್ತಾನೇ ಇರ್ತವೆ, ಅದಕ್ಕೇ ತಡ್ಕೊಂಡಿರುತ್ತೆ. ಸುದ್ದಿ ನಿಂತರೆ ಮುಗೀತು. ಅದಿರ್ಲಿ, ಇದೇನು ಇಷ್ಟು ತೆಳ್ಳಗೆ ಹರಡಿದ್ದೀಯ? ಒಂದು ತಟ್ಟೆಗೆ ಆಗೋದನ್ನ ಹನ್ನೆರಡಕ್ಕೆ ಹಂಚಿದ್ದೀಯಲ್ಲ!"

ಅವಳು ನೆಲ ನೋಡಿದಳು. "ಯಾರಾದ್ರೂ ಒಂದನ್ನ ಹಾಳು ಮಾಡಿದ್ರೂ ಹನ್ನೊಂದು ಉಳೀಲಿ ಅಂತ."

"ಯಾವಾಗಿಂದ ಹೀಗೆ ಹಂಚ್ತಿದ್ದೀಯ?"

"ಎರಡು ತಿಂಗಳಿಂದ."

"ಯಾವಾಗಿಂದ ಸಾಯ್ತಿವೆ?"

ಅದೂ ಎರಡು ತಿಂಗಳಿಂದಲೇ. ಕಾವಲಿದ್ದವಳೇ ಕೊಂದಿದ್ದಳು. ನಾಚಿಕೆಗೆ ಕಿವಿ ಬಿಸಿಯಾಯಿತು, ಇಂಥ ಅಕ್ಕನ ಮೇಲೆ ಎರಡು ತಿಂಗಳು ಹಲ್ಲು ಮಸೆದೆನಲ್ಲ ಎಂದು ಕಣ್ಣಲ್ಲಿ ನೀರೂ ಬಂತು.

ಅಕ್ಕ ಬೆನ್ನು ತಟ್ಟಿದಳು. "ಅಳ್ಬೇಡ. ಆ ಕೊನೇ ಕೊಳವೆನ ಪೂರ್ತಿ ಒಂದೇ ತಟ್ಟೆಗೆ ಹಾಕು. ನನ್ನ ತಟ್ಟೆಗಳಲ್ಲಿ ಕೋಶಗಳು ಕಿಕ್ಕಿರಿದಿವೆ, ಅವುಗಳ ಮೇಲಿನ ಹಳೇ ದ್ರವ ಸ್ವಲ್ಪ ತಗೊಂಡು ನಿನ್ನವಕ್ಕೆ ಸುರಿ. 'ಇರು' ಅನ್ನೋ ಸುದ್ದಿ ಅದರಲ್ಲೇ ಇರುತ್ತೆ, ಚೇತರಿಸ್ಕೊಳ್ತವೆ. ಒಂದೇ ಕಡೆ ಕೆಲಸ ಮಾಡೋರು ಒಬ್ಬರನ್ನೊಬ್ಬರು ನಂಬಬೇಕು ಕಣೇ. ನಂಬದೆ ಇದ್ರೆ ನಾವೂ ಇವುಗಳ ಹಾಗೇ."

ಅವಳು ಕಣ್ಣೊರೆಸಿಕೊಂಡು ಎದ್ದು, ಮೂಲೆಯಲ್ಲಿದ್ದ ಅಕ್ಕನ ಇನ್‌ಕ್ಯುಬೇಟರಿನ ಹಿಡಿಗೆ ಕೈ ಹಾಕಿದಳು.

"ಏ, ತಡಿ ತಡಿ! ನಾನೇ ತೆಗೆದುಕೊಡ್ತೀನಿ," ಎನ್ನುತ್ತ ಅಕ್ಕ ಕುರ್ಚಿ ದಬ್ಬಿ ಓಡಿ ಬಂದಳು.

ಅಷ್ಟರಲ್ಲಿ ಅದು ಅವಳ ಕಣ್ಣಿಗೆ ಬಿದ್ದಾಗಿತ್ತು. ಬಾಗಿಲಿಗೆ ಅಡ್ಡಲಾಗಿ ಅಂಟಿಸಿದ್ದ ಒಂದು ಕೂದಲು, ನರೆತದ್ದು.