ಒಂಬತ್ತನೇ ಟೇಬಲ್ಲಿನ ಹಸಿವು

ಹೋಟೆಲಿನ ಕುರ್ಚಿಗಳು ಕೂತವರ ಹಸಿವನ್ನು ನೇರವಾಗಿ ಅಡುಗೆಮನೆಗೆ ಕಳಿಸತೊಡಗಿದ ಮೇಲೆ ಯಾರೂ ಆರ್ಡರ್ ಕೂಗುವುದಿಲ್ಲ. ಕಾವಲಿಯ ಮುಂದೆ ನಿಂತ ಅಡುಗೆಯ ನಂಜುಂಡಿಯ ಹೊಟ್ಟೆಗೇ ಆ ಹಸಿವು ಬಂದು ತಲುಪುತ್ತದೆ. ಮೂರನೇ ಟೇಬಲ್ಲಿಗೆ ಗರಿಗರಿ ಮಸಾಲೆ ದೋಸೆ, ಐದಕ್ಕೆ ತುಪ್ಪ ಜಾಸ್ತಿ ಹಾಕಿದ ಖಾರಾಬಾತ್. ಮಾಡಿ ಕಳಿಸಿದರೆ ಸಂಕಟ ಇಳಿಯುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ತನ್ನ ಹಸಿವು ಯಾವುದೆಂದೇ ತಿಳಿಯುವುದಿಲ್ಲ.

ಅಂದು ಎರಡೂವರೆಗೆ ಒಂಬತ್ತನೇ ಟೇಬಲ್ಲಿನಿಂದ ಬಂದದ್ದು ಬಿಸಿ ಗಂಜಿ ಮತ್ತು ಮಿಡಿ ಉಪ್ಪಿನಕಾಯಿಯ ಆಸೆ. ಅದು ಮೆನುವಿನಲ್ಲೇ ಇರಲಿಲ್ಲ. ನಂಜುಂಡಿ ಅಡುಗೆಮನೆಯ ಕಿಟಕಿಯಿಂದ ಇಣುಕಿದ. ಬೆಳಗ್ಗೆ ಆರರಿಂದ ತಟ್ಟೆ ಹೊರುತ್ತಿದ್ದ ಸಪ್ಲೈಯರ್ ದಾಕ್ಷಾಯಣಕ್ಕ ಕಾಲು ನೀವಿಕೊಳ್ಳುತ್ತ ಅಲ್ಲಿ ಕೂತಿದ್ದಳು. ಕೆಲಸದವರು ಕುರ್ಚಿಯಲ್ಲಿ ಕೂರಬಾರದೆಂಬುದು ಮಾಲೀಕರ ಕಟ್ಟಪ್ಪಣೆ.

ಅವನನ್ನು ಕಂಡವಳೇ ತಟ್ಟನೆ ಎದ್ದಳು. ಅವನ ಹೊಟ್ಟೆಯೊಳಗಿನ ಗಂಜಿಯ ಆಸೆ ಅಲ್ಲಿಗೇ ನಿಂತುಹೋಯಿತು.

“ತಪ್ಪಾಯ್ತು ಕಣಪ್ಪ, ಯಜಮಾನ್ರಿಗೆ ಹೇಳ್ಬೇಡ.”

ಇನ್ನೂ ಮೂರು ಟೇಬಲ್ಲಿನವರ ಹಸಿವು ಹೊಟ್ಟೆ ಕಿವುಚುತ್ತಿದ್ದರೂ ನಂಜುಂಡಿ ಕಾವಲಿಯ ಉರಿ ತಗ್ಗಿಸಿದ. ಪಾತ್ರೆಗೆ ಅನ್ನ ಹಾಕಿ, ನೀರು ಸುರಿದು ಒಲೆಗಿಟ್ಟ.

“ಕೂತ್ಕೋ ಅಕ್ಕ. ನೀನು ಎದ್ಬಿಟ್ರೆ ಉಪ್ಪು ಎಷ್ಟು ಹಾಕ್ಬೇಕು ಅಂತ ನಂಗೆ ಹೇಗ್ ಗೊತ್ತಾಗುತ್ತೆ?”