ಒಲೆ ಹಚ್ಚಬೇಡಿ ಎಂದವರು

ನೈರೋಬಿಯ ಕಿಲಿಮಾನಿ ಬಡಾವಣೆಯ ಬೇಕರಿ ಮುಂದೆ ಸೋಡಾ ಬ್ರೆಡ್ಡಿನ ವಾಸನೆ ಬಂದರೆ, ಈ ವಯಸ್ಸಿನಲ್ಲೂ ನಾನು ಮನೆಗೆ ಫೋನ್ ಮಾಡಿ ಎಲ್ಲರೂ ಕ್ಷೇಮವೇ ಎಂದು ಕೇಳುತ್ತೇನೆ. ಮಕ್ಕಳು ಇಂಗ್ಲಿಷಿನಲ್ಲಿ ನಗುತ್ತಾರೆ.

ನನಗಾಗ ಎಂಟು ವರ್ಷ. ಅಮ್ಮನಿಗೆ ಅವತ್ತು ಆಪರೇಶನ್. ಅಪ್ಪ ಆಸ್ಪತ್ರೆಯಲ್ಲಿದ್ದರು, ನೈರೋಬಿಯ ಮನೆಯಲ್ಲಿ ನಾನು ಮತ್ತು ಅಜ್ಜಿ. ಅಜ್ಜಿ ಅಕ್ಕಿ ತೊಳೆಯುತ್ತಿದ್ದಾಗ ಅಮ್ಮನ ಮಹಿಳಾ ಸಂಘದ ಸರೋಜಾ ಆಂಟಿ ಪಾತ್ರೆಗಳನ್ನು ಹೊತ್ತು ಬಂದರು. ಜೊತೆಗೆ ನಮ್ಮ ಶಾಲೆಯ ಐರಿಶ್ ಸಿಸ್ಟರ್, ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಸೋಡಾ ಬ್ರೆಡ್ಡು.

"ಅಜ್ಜಿ, ಇವತ್ತು ನೀವು ಒಲೆ ಹಚ್ಚಬೇಡಿ," ಎಂದರು ಆಂಟಿ.

ಊರಲ್ಲಿ ತಾತ ತೀರಿಕೊಂಡಾಗಲೂ ನೆರೆಯವರು ಹೀಗೆಯೇ ಪಾತ್ರೆ ತಂದಿದ್ದರು. ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಜ್ಜಿ ಗೋಡೆ ಹಿಡಿದು ಕುಸಿದರು. "ಯಾವಾಗ ಹೋದ್ಲು ನನ್ನ ಮಗಳು?"

ನಾನು ಮಂಚದಡಿ ತೂರಿದೆ. ನಾಳೆಯಿಂದ ಜಡೆ ಹಾಕುವವರು ಯಾರು ಎಂಬ ಚಿಂತೆಯೂ ಅಲ್ಲೇ ಶುರುವಾಯಿತು. ಚಿಂತೆಯಲ್ಲಿ ನಾನು ಆಗಲೇ ಪಳಗಿದ್ದೆ.

"ಅಯ್ಯೋ, ಬಿಡ್ತು ಅನ್ನಿ! ಆಪರೇಶನ್ ಇನ್ನೂ ನಡೀತಿದೆ. ಐರ್ಲೆಂಡಲ್ಲಿ ಸಿಸ್ಟರ್ ಅವರ ಹಳ್ಳೀಲಿ ಯಾರಾದ್ರೂ ಕಾಯಿಲೆ ಬಿದ್ರೆ ಮಹಿಳಾ ಸಂಘದೋರೇ ಅಡುಗೆ ಕೊಡ್ತಾರಂತೆ. ನಾವೂ ಮಾಡೋಣ ಅಂತ..." ಎಂದರು ಆಂಟಿ.

ಸಿಸ್ಟರ್ ಏನೂ ಅರ್ಥವಾಗದೆ ನಗುತ್ತ ನಿಂತಿದ್ದರು.

ಅವರು ಹೋದ ಮೇಲೆ ಅಜ್ಜಿ ಆ ಊಟ ಮುಟ್ಟಲಿಲ್ಲ. ಸ್ಟೌ ಹಚ್ಚಿ, ಬರೀ ನೀರಿಟ್ಟು, ಎದುರಿಗೆ ಕೂತರು. ನೀರು ಬತ್ತಿದಂತೆಲ್ಲ ನಾನು ಲೋಟದಲ್ಲಿ ತಂದು ಸುರಿದೆ. ಸಂಜೆ ಅಪ್ಪ ಬಂದು, "ಅತ್ತೆ, ಎಚ್ಚರ ಆಯ್ತು, ಕಾಫಿ ಕೇಳ್ತಿದಾಳೆ," ಎಂದ ಮೇಲೆಯೇ ಅಜ್ಜಿ ಉರಿ ಆರಿಸಿದ್ದು.